ಲಕ್ಷ್ಮಣಫಲದ ಎಲೆ, ಕ್ಯಾನ್ಸರ್ ಮದ್ದು ಮತ್ತು ನನ್ನ 60 ಗಿಡಗಳು

ಹೋದ ಭಾನುವಾರ ಬೆಳಿಗ್ಗೆ ಬನ್ನಂಜೆಯ ನಮ್ಮ ಮನೆ ಗೇಟಿನ ಎದುರು ಒಬ್ಬ ಹುಡುಗ ಬೈಕ್ ನಿಲ್ಲಿಸಿದ. ಕಾಪು ಕಡೆಯವನು. "ಅಣ್ಣ, ನಿಮ್ಮಲ್ಲಿ ಲಕ್ಷ್ಮಣಫಲದ ಎಲೆ ಉಂಟಂತಲ್ಲ, ಸ್ವಲ್ಪ ಬೇಕಿತ್ತು" ಅಂದ. ಯಾರಿಗೆ ಅಂತ ನಾನು ಕೇಳುವ ಮೊದಲೇ ಮೊಬೈಲ್ ತೆಗೆದು ಒಂದು ವಾಟ್ಸಾಪ್ ಮೆಸೇಜ್ ತೋರಿಸಿದ. ನನಗೆ ಅದನ್ನು ಓದುವ ಅಗತ್ಯ ಇರಲಿಲ್ಲ. ಕೀಮೋಥೆರಪಿಗಿಂತ 10 ಸಾವಿರ ಪಟ್ಟು ಶಕ್ತಿಶಾಲಿ ಅಂತ ಶುರುವಾಗಿ, ಎಲ್ಲರಿಗೂ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಅಂತ ಮುಗಿಯುವ ಅದೇ ಮೆಸೇಜ್. ಒಂದು ಕಾಲದಲ್ಲಿ ಅದನ್ನು ನಾಲ್ಕಾರು ಗ್ರೂಪಿಗೆ ಕಳಿಸಿದವರಲ್ಲಿ ನಾನೂ ಒಬ್ಬ.

ಆ ಹುಡುಗನಿಗೆ ನಾನು ಏನು ಹೇಳಿದೆ ಅಂತ ಕೊನೆಗೆ ಬರೆಯುತ್ತೇನೆ. ಅದಕ್ಕೆ ಮೊದಲು ನನ್ನ 60 ಗಿಡಗಳ ಕಥೆ ಹೇಳಬೇಕು. ನಿಮ್ಮಲ್ಲಿ ಕೆಲವರಿಗಾದರೂ ಈಗ ಅಂಥದ್ದೇ ಆಫರ್ ಬಂದಿರಬಹುದು.

ಮನೆ ಬನ್ನಂಜೆಯಲ್ಲಿದ್ದರೂ ನಮ್ಮ ತೋಟ ಇರುವುದು ಕಾರ್ಕಳ ತಾಲೂಕಿನ ಬೈಲೂರಿನ ಹತ್ತಿರ. ಅಡಿಕೆ, ತೆಂಗು, ಸ್ವಲ್ಪ ಕಾಳುಮೆಣಸು. ಗುಡ್ಡೆ ಬದಿಯಲ್ಲಿ ಅರ್ಧ ಎಕರೆ ಖಾಲಿ ಇತ್ತು. 2019ರಲ್ಲಿ ಗಿಡ ಮಾರುವ ಒಬ್ಬರು ಬಂದರು. ಲಕ್ಷ್ಮಣಫಲ, ಅಂದರೆ ಕೆಲವರು ಹನುಮಫಲ, ಮುಳ್ಳು ರಾಮಫಲ ಅಂತಲೂ ಹೇಳುವ ಗಿಡ, 60 ಹಾಕಿ, ಒಣ ಎಲೆಯನ್ನು ನಾವೇ ವಾಪಸ್ ಕೊಳ್ಳುತ್ತೇವೆ ಅಂದರು. ಕ್ಯಾನ್ಸರಿಗೆ ವಿದೇಶದಲ್ಲಿ ಭಾರೀ ಬೇಡಿಕೆ ಅಂತ ಬಣ್ಣದ ಕರಪತ್ರ ಬೇರೆ. ಗಿಡಕ್ಕೆ ಮಾಮೂಲಿ ನರ್ಸರಿ ರೇಟಿನ ನಾಲ್ಕು ಪಟ್ಟು ಕೊಟ್ಟೆ. ಕಾಗದದಲ್ಲಿ ಸಹಿ ಹಾಕಿಸಿಕೊಂಡೆನಾ ಅಂದರೆ ಇಲ್ಲ. ಎರಡನೇ ವರ್ಷ ಎಲೆ ಕೊಯ್ಯುವ ಹೊತ್ತಿಗೆ ಆ ನಂಬರು ಸ್ವಿಚ್ ಆಫ್.

ಅಷ್ಟಾಗಿದ್ದರೆ ಇದು ದುಡ್ಡಿನ ನಷ್ಟದ ಕಥೆ. ಕೃಷಿಕರಿಗೆ ಅದೇನು ಹೊಸತಲ್ಲ, ವೆನಿಲ್ಲಾ ಕಾಲದಿಂದ ನೋಡಿದ್ದೇವೆ. ಆದರೆ ನನ್ನ ಹತ್ತಿರ ಆ ಗಿಡ ಉಂಟು ಅನ್ನುವುದು ಊರಿಗೆಲ್ಲ ಗೊತ್ತಾಗಿತ್ತು. ಎಲೆ ಕೇಳಿಕೊಂಡು ಜನ ಬರಲು ಶುರು ಮಾಡಿದರು. ನಾನು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ನೆರಳಲ್ಲಿ ಒಣಗಿಸಿ, ಪೇಪರಲ್ಲಿ ಕಟ್ಟಿ ಕೊಡುತ್ತಿದ್ದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅನ್ನುವ ಒಂದು ಹೆಮ್ಮೆಯೂ ಇತ್ತು ಅನ್ನಿ.

ಹಾಗೆ ಎಲೆ ಕೇಳಿದವರಲ್ಲಿ ನನ್ನ ದೊಡ್ಡಮ್ಮನ ಮಗಳೂ ಒಬ್ಬಳು. ಎದೆಯಲ್ಲಿ ಒಂದು ಸಣ್ಣ ಗಂಟು. ನೋವಿಲ್ಲ, ಏನಿಲ್ಲ. ಡಾಕ್ಟರು ಬಯಾಪ್ಸಿ ಮಾಡಿಸಿ ಅಂದರು. ಸೂಜಿ ಚುಚ್ಚಿದರೆ ಹರಡ್ತದಂತೆ ಮಾರಾಯ, ಅದಕ್ಕಿಂತ ಮೊದಲು ಕಷಾಯ ಮಾಡಿ ಕುಡಿದು ನೋಡ್ತೇನೆ ಅಂದಳು. ನಾನು ಬೇಡ ಅನ್ನಲಿಲ್ಲ. ಪ್ರತಿ ವಾರ ಕಾರ್ಕಳ ಬಸ್ಸಿನ ಕಂಡಕ್ಟರ್ ಹತ್ತಿರ ಎಲೆಯ ಕಟ್ಟು ಕೊಟ್ಟು ಕಳಿಸಿದೆ. ಐದು ತಿಂಗಳು. ಆಮೇಲೆ ಕಂಕುಳಲ್ಲೂ ಗಂಟು ಕಾಣಿಸಿತು. ಆಸ್ಪತ್ರೆಗೆ ಹೋದಾಗ, ಮೊದಲೇ ಬಂದಿದ್ದರೆ ನೇರ ಆಪರೇಷನ್ ಮಾಡಬಹುದಿತ್ತು, ಈಗ ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸಬೇಕು ಅಂದರು.

ಅಕ್ಕ ಇದ್ದಾಳೆ. ಚೆಕಪ್ಪಿಗೆ ಹೋಗಿ ಬರುತ್ತಾಳೆ. ನನ್ನನ್ನು ಒಂದು ಮಾತು ಬೈದಿಲ್ಲ.

ಕೀಮೋ ಕೊಡುವ ದಿನ ನಾನೂ ಜೊತೆಗೆ ಹೋಗಿದ್ದೆ. ಡ್ರಿಪ್ಪಿನ ಬಾಟಲಿ ಮೇಲೆ ಬರೆದ ಹೆಸರು ನೋಡಿದೆ: ಪ್ಯಾಕ್ಲಿಟ್ಯಾಕ್ಸೆಲ್. ಹೊರಗೆ ಬೆಂಚಿನಲ್ಲಿ ಕೂತು ಮೊಬೈಲಲ್ಲಿ ಹುಡುಕಿದೆ. ಅದು ಒಂದು ಮರದ ತೊಗಟೆಯಿಂದ ಬಂದ ಮದ್ದು! ಅಮೆರಿಕದ ಪಶ್ಚಿಮ ಕರಾವಳಿಯ ಕಾಡಿನಲ್ಲಿ ಬೆಳೆಯುವ ಯೂ ಎಂಬ ಮರ. ಆಸ್ಪತ್ರೆ ಮದ್ದು ಬೇಡ, ಗಿಡದ ಮದ್ದು ಸಾಕು ಅಂತ ಐದು ತಿಂಗಳು ಕಳೆದವಳಿಗೆ ಕೊನೆಗೆ ಕೊಟ್ಟದ್ದೂ ಗಿಡದ ಮದ್ದೇ. ಹಾಗಾದರೆ ನಾನು ಕೊಟ್ಟ ಎಲೆಗೂ ಆ ಬಾಟಲಿಗೂ ಎಂತ ವ್ಯತ್ಯಾಸ? ಆವತ್ತಿನಿಂದ ಅದರ ಬಗ್ಗೆ ಓದುತ್ತಾ ಬಂದೆ. ಅದನ್ನೇ ಈ ವಾರ ಹಂಚಿಕೊಳ್ಳುವುದು.

ತೊಗಟೆಯಿಂದ ಬಾಟಲಿಗೆ ಬರಲು 20 ವರ್ಷ

ಯೂ ಮರದ ತೊಗಟೆಯಲ್ಲಿರುವ ಆ ವಸ್ತು ಯಾವುದು, ಅದರ ರಚನೆ ಹೇಗೆ ಅಂತ ಮನ್ರೋ ವಾಲ್ ಮತ್ತು ನಮ್ಮ ದೇಶದಿಂದ ಅಲ್ಲಿಗೆ ಹೋಗಿದ್ದ ಮನ್ಸುಖ್ ವಾಣಿ ಎಂಬ ವಿಜ್ಞಾನಿಗಳು 1971ರಲ್ಲಿ ಪ್ರಕಟಿಸಿದರು. ಅಮೆರಿಕದಲ್ಲಿ ಅದು ಮದ್ದಾಗಿ ಒಪ್ಪಿಗೆ ಪಡೆದದ್ದು 1992ರಲ್ಲಿ. ನಡುವೆ 21 ವರ್ಷ. ಒಂದು ಕಿಲೋ ಶುದ್ಧ ವಸ್ತು ಬೇಕಾದರೆ ಸುಮಾರು 10 ಸಾವಿರ ಕಿಲೋ ತೊಗಟೆ ಬೇಕು, ತೊಗಟೆ ಸುಲಿದ ಮರ ಸಾಯುತ್ತದೆ. ಹಾಗಾಗಿ ಕೊನೆಗೆ ಯುರೋಪಿನ ಯೂ ಗಿಡದ ಎಲೆಯಿಂದ ಅರ್ಧ ತಯಾರಾದ ವಸ್ತು ತೆಗೆದು, ಉಳಿದರ್ಧವನ್ನು ಲ್ಯಾಬಿನಲ್ಲಿ ಪೂರ್ತಿ ಮಾಡುವ ದಾರಿ ಕಂಡುಕೊಂಡರು.

ದೂರದ ಮರ ಯಾಕೆ, ನಮ್ಮ ಅಂಗಳದಲ್ಲೇ ಒಂದು ಉಂಟು. ತುಳಸಿಕಟ್ಟೆ ಬದಿಯಲ್ಲಿ ಬೆಳೆಯುವ, ಗುಲಾಬಿ ಅಥವಾ ಬಿಳಿ ಹೂವಿನ ನಿತ್ಯಪುಷ್ಪ. ಕಾಶಿ ಕಣಗಿಲೆ, ಸದಾಪುಷ್ಪ ಅಂತಲೂ ಹೇಳ್ತಾರೆ. ಅದರ ಎಲೆಯಿಂದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಎರಡು ಕ್ಯಾನ್ಸರ್ ಮದ್ದು ಬಂದಿದೆ. ಕಥೆ ಸ್ವಾರಸ್ಯದ್ದು. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಈ ಎಲೆಯ ಚಹಾ ಕುಡಿಯುತ್ತಿದ್ದರು. 1952ರಲ್ಲಿ ಎಲೆ ಕೆನಡಾಕ್ಕೆ ಹೋಯಿತು. ಅಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಇಲಿಗಳಿಗೆ ಕೊಟ್ಟು ನೋಡಿದರೆ ಸಕ್ಕರೆ ಇಳಿಯಲಿಲ್ಲ, ಬದಲಿಗೆ ರಕ್ತದ ಬಿಳಿ ಕಣಗಳು ಕಡಿಮೆಯಾದವು. ಬಿಳಿ ಕಣ ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದು ಆಗಬಹುದಲ್ಲ ಅಂತ ಯೋಚನೆ ಅಲ್ಲಿಂದ ಬಂತು. 1963ರಲ್ಲಿ ವಿನ್‌ಕ್ರಿಸ್ಟಿನ್‌ಗೆ ಒಪ್ಪಿಗೆ ಸಿಕ್ಕಿತು. ಇವತ್ತಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮುಖ್ಯ ಮದ್ದುಗಳಲ್ಲಿ ಅದೂ ಒಂದು.

ಈಗ ಪ್ರಮಾಣ ನೋಡಿ. ದೊಡ್ಡವರಿಗೆ ಒಂದು ಸಲಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟುವುದಿಲ್ಲ. ಒಂದು ಅಕ್ಕಿ ಕಾಳಿನ ಸುಮಾರು ಹತ್ತನೇ ಒಂದು ಭಾಗ. ಅದನ್ನೂ ರಕ್ತನಾಳಕ್ಕೆ ಮಾತ್ರ ಕೊಡಬೇಕು, ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಜೀವಕ್ಕೇ ಅಪಾಯ. ಸರಿಯಾಗಿ ಕೊಟ್ಟರೂ ಕೆಲವರಿಗೆ ಕೈಕಾಲು ಜೋಮು ಹಿಡಿಯುತ್ತದೆ. ಇನ್ನೊಂದು ಕಡೆ, ಒಂದೇ ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಹಾಗಾಗಿ ಎಲೆ ಅಗಿದು ಕ್ಯಾನ್ಸರ್ ಗುಣ ಆಗುವಷ್ಟು ಮದ್ದು ಹೊಟ್ಟೆಗೆ ಹೋಗುವುದು ಸಾಧ್ಯವೇ ಇಲ್ಲ, ಆದರೆ ಎಲೆಯಲ್ಲಿರುವ ಇತರ ವಿಷ ಹೋಗಬಹುದು. ನಮ್ಮಲ್ಲಿ ಶುಗರಿಗೆ ಅಂತ ಬೆಳಿಗ್ಗೆ ನಾಲ್ಕು ಎಲೆ ತಿನ್ನುವವರು ಇದ್ದಾರೆ. ದಯವಿಟ್ಟು ಬಿಡಿಸಿ.

ನಮ್ಮ ಘಟ್ಟದ ಮರ

ಕರ್ನಾಟಕದವರು ತಿಳಿದಿರಲೇಬೇಕಾದ್ದು ಇನ್ನೊಂದು: ದುರ್ವಾಸನೆ ಮರ. ಸಸ್ಯಶಾಸ್ತ್ರದ ಹೆಸರು ನೋಥಪೊಡೈಟಿಸ್ ನಿಮ್ಮೋನಿಯಾನ. ಪಶ್ಚಿಮ ಘಟ್ಟದ ಸಣ್ಣ ಮರ, ಹೂ ಬಿಟ್ಟರೆ ಕೆಟ್ಟ ವಾಸನೆ. ಇದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ಉಂಟು. ಇದನ್ನು ಮೊದಲು ಚೀನಾದ ಒಂದು ಮರದಲ್ಲಿ 1966ರಲ್ಲಿ ಕಂಡುಹಿಡಿದವರೂ ಅದೇ ವಾಲ್ ಮತ್ತು ವಾಣಿ ಇದ್ದ ತಂಡ. ನಮ್ಮ ಘಟ್ಟದ ಮರದಲ್ಲಿ ಅದು ಇನ್ನೂ ಚೆನ್ನಾಗಿ ಸಿಗುತ್ತದೆ ಅಂತ 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು.

ಹಾಗಂತ ಆ ಮರದ ರಸ ಮದ್ದಾಗಲಿಲ್ಲ. ಕ್ಯಾಂಪ್ಟೊಥೆಸಿನ್ ನೀರಲ್ಲಿ ಕರಗುವುದಿಲ್ಲ. ಕರಗುವ ಹಾಗೆ ಮಾಡಿ 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವ ಆಯಿತು, ಬಿಳಿ ಕಣ ಕುಸಿಯಿತು. ಪ್ರಯೋಗ ನಿಲ್ಲಿಸಿದರು. ಜೀವಕೋಶ ವಿಭಜನೆಯಾಗುವಾಗ ಡಿಎನ್‌ಎಯ ಸಿಕ್ಕು ಬಿಡಿಸುವ ಒಂದು ಕಿಣ್ವವನ್ನು ಇದು ಹಿಡಿದು ನಿಲ್ಲಿಸುತ್ತದೆ ಅಂತ ಗೊತ್ತಾದದ್ದು 1985ರಲ್ಲಿ. ಆಮೇಲೆ ಅದರ ರಚನೆಯನ್ನೇ ಸ್ವಲ್ಪ ಬದಲಿಸಿ ಟೊಪೊಟೆಕಾನ್, ಇರಿನೊಟೆಕಾನ್ ಎಂಬ ಮದ್ದು ತಯಾರಿಸಿದರು. ಅಮೆರಿಕದಲ್ಲಿ ಎರಡಕ್ಕೂ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಲೆಕ್ಕ ಹಾಕಿ, ಸರಿಯಾಗಿ 30 ವರ್ಷ.

ಮರ ಯಾಕೆ ಇಂಥ ವಸ್ತು ತಯಾರಿಸುತ್ತದೆ? ನಮ್ಮ ಮೇಲಿನ ಪ್ರೀತಿಯಿಂದ ಖಂಡಿತ ಅಲ್ಲ. ತನ್ನನ್ನು ತಿನ್ನಲು ಬರುವ ಹುಳ, ಪ್ರಾಣಿಗಳನ್ನು ದೂರ ಇಡಲಿಕ್ಕೆ. ಅದು ಗಿಡದ ಕೀಟನಾಶಕ. ಗಿಡದಿಂದ ಬಂದದ್ದಕ್ಕೆ ಸೈಡ್ ಎಫೆಕ್ಟ್ ಇಲ್ಲ ಅನ್ನುವ ಮಾತು ಕೇಳಿದಾಗ ನನಗೆ ಈಗ ನಗು ಬರುತ್ತದೆ. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಶಕ್ತಿ ಇರುವುದೇ ಅದು ವಿಷ ಆದ್ದರಿಂದ.

ಈ ಮರದ ಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್, ಕೆ.ಎನ್. ಗಣೇಶಯ್ಯ, ಶಿರಸಿಯ ಅರಣ್ಯ ಕಾಲೇಜಿನ ಆರ್. ವಾಸುದೇವ ಮೊದಲಾದವರ ತಂಡ ತುಂಬಾ ಕೆಲಸ ಮಾಡಿದೆ. ಘಟ್ಟದ ಬೇರೆ ಬೇರೆ ಕಡೆಯ ಮರಗಳನ್ನು ಪರೀಕ್ಷೆ ಮಾಡಿದಾಗ ಒಂದೊಂದು ಕಡೆ ಒಂದೊಂದು ಪ್ರಮಾಣ ಸಿಕ್ಕಿತು. ಮಟ್ಟುಗುಳ್ಳದ ಬೀಜ ಬೇರೆ ಕಡೆ ಹಾಕಿದರೆ ಆ ರುಚಿ ಬರುವುದಿಲ್ಲ ಅಂತ ನಾವು ಹೇಳುವುದಿಲ್ಲವಾ, ಹಾಗೆಯೇ. ನನ್ನ 60 ಲಕ್ಷ್ಮಣಫಲದಲ್ಲೂ ಯಾವ ಗಿಡದ ಎಲೆಯಲ್ಲಿ ಎಷ್ಟು ಅಂಶ ಇತ್ತು ಅಂತ ದೇವರಿಗೇ ಗೊತ್ತು. ಅಕ್ಕನ ಲೋಟದಲ್ಲಿ ಎಷ್ಟಿತ್ತು ಅಂತ ಯಾರಿಗೂ ಗೊತ್ತಿಲ್ಲ. ಬಾಟಲಿಗೂ ಕಷಾಯಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಗಾಜಿನ ತಟ್ಟೆಯಲ್ಲಿ ಸತ್ತರೆ ಸಾಕಾ?

ಮೆಸೇಜಿನಲ್ಲಿ "ಸಂಶೋಧನೆಯಿಂದ ಸಾಬೀತು" ಅಂತ ಇರುತ್ತದೆ. ಪೂರ್ತಿ ಸುಳ್ಳೂ ಅಲ್ಲ. ಲಕ್ಷ್ಮಣಫಲದ ಎಲೆಯಲ್ಲಿ ಅಸಿಟೋಜೆನಿನ್ ಎಂಬ ಗುಂಪಿನ ವಸ್ತುಗಳಿವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ಹಾಕಿದರೆ ಅವು ಸಾಯುವುದು ನಿಜ. ನಮ್ಮ ಪುನರ್ಪುಳಿ ಸಿಪ್ಪೆಯ ಗಾರ್ಸಿನಾಲ್, ಅರಶಿನದ ಕರ್ಕ್ಯುಮಿನ್ ಹಾಕಿದರೂ ಸಾಯುತ್ತವೆ. ಅಷ್ಟೇ ಯಾಕೆ, ಫಿನಾಯಿಲ್ ಹಾಕಿದರೂ ಸಾಯುತ್ತವೆ.

ಅಡಿಕೆ ಬೆಳೆಯುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಕೊಳೆರೋಗದ ಶಿಲೀಂಧ್ರವನ್ನು ಲ್ಯಾಬಿನ ತಟ್ಟೆಯಲ್ಲಿ ಕೊಲ್ಲುವ ವಸ್ತು ಬೇಕಾದಷ್ಟಿವೆ. ಆದರೆ ಅದು ಮರಕ್ಕೆ ಹಾನಿ ಮಾಡಬಾರದು, ಗೊನೆಗೆ ಅಂಟಿಕೊಳ್ಳಬೇಕು, ಜುಲೈ ಮಳೆಗೆ ತೊಳೆದು ಹೋಗಬಾರದು, ಅಡಿಕೆ ತಿನ್ನುವವನಿಗೂ ತೊಂದರೆ ಆಗಬಾರದು. ಇಷ್ಟನ್ನೂ ದಾಟಿ ನಿಂತದ್ದು ಬೋರ್ಡೋ ದ್ರಾವಣ. ಅದನ್ನೂ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅಂತ ಅಳೆದೇ ಹಾಕುತ್ತೇವೆ. ಕಣ್ಣಂದಾಜಿನಲ್ಲಿ ಮೈಲುತುತ್ತು ಹೆಚ್ಚಾದರೆ ಸಿಂಗಾರ ಸುಟ್ಟುಹೋಗುತ್ತದೆ. ಶರೀರವೂ ಹಾಗೆಯೇ. ತಟ್ಟೆ ಆದ ಮೇಲೆ ಇಲಿ, ಇಲಿ ಆದ ಮೇಲೆ ಸ್ವಲ್ಪ ಜನ, ಮತ್ತೆ ಹೆಚ್ಚು ಜನ. ತಟ್ಟೆಯಲ್ಲಿ ಗೆದ್ದ ಹೆಚ್ಚಿನವು ಮುಂದಿನ ಹಂತದಲ್ಲಿ ಸೋಲುತ್ತವೆ. ಕರ್ಕ್ಯುಮಿನ್‌ನ ಕಥೆ ಹಾಗೆಯೇ: ಬಾಯಿಯಿಂದ ತಿಂದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಲಕ್ಷ್ಮಣಫಲ ಕ್ಯಾನ್ಸರ್ ಗುಣ ಮಾಡುತ್ತದೆ ಅಂತ ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಯಲ್ಲಿ ಇವತ್ತಿನವರೆಗೆ ಸಾಬೀತಾಗಿಲ್ಲ. ಆ 10 ಸಾವಿರ ಪಟ್ಟು ಅನ್ನುವುದು ಏನಿದ್ದರೂ ತಟ್ಟೆಯ ಲೆಕ್ಕ.

ಇನ್ನೊಂದು ಮುಖವೂ ಉಂಟು. ಅಸಿಟೋಜೆನಿನ್‌ಗಳು ಕೋಶದೊಳಗೆ ಶಕ್ತಿ ತಯಾರಾಗುವ ಜಾಗವನ್ನೇ ಕಟ್ಟಿಹಾಕುತ್ತವೆ. ಕ್ಯಾನ್ಸರ್ ಕೋಶ ಅಂತ ಹುಡುಕಿಕೊಂಡು ಹೋಗುವುದಿಲ್ಲ, ನರದ ಕೋಶಕ್ಕೂ ಅದೇ ಗತಿ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಮಾಮೂಲಿ ಮದ್ದಿಗೆ ಬಗ್ಗದ ಒಂದು ಬಗೆಯ ಪಾರ್ಕಿನ್ಸನ್ ಲಕ್ಷಣ ಹೆಚ್ಚು ಜನರಲ್ಲಿ ಕಂಡಿತು. ಈ ಜಾತಿಯ ಹಣ್ಣು ಮತ್ತು ಎಲೆ ಚಹಾ ಜಾಸ್ತಿ ಬಳಸುವುದಕ್ಕೂ ಅದಕ್ಕೂ ಸಂಬಂಧ ಇರಬಹುದು ಅಂತ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು. ಅದೇ ಕಾರಣ ಅಂತ ಪೂರ್ತಿ ಸಾಬೀತಾಗಿಲ್ಲ, ಆದರೆ ಎಚ್ಚರ ವಹಿಸಲು ಅಷ್ಟು ಸಾಕು. ಸೀತಾಫಲದ ಬೀಜ ಅರೆದು ತಲೆಯ ಹೇನಿಗೆ ಹಚ್ಚುತ್ತಿದ್ದ ನಮ್ಮ ಅಜ್ಜಿ, ಕಣ್ಣಿಗೆ ತಾಗಬಾರದು ಅಂತ ಬೊಬ್ಬೆ ಹಾಕುತ್ತಿದ್ದರು. ಅದೂ ಇದೂ ಒಂದೇ ಕುಟುಂಬದ ಗಿಡ, ಒಂದೇ ಗುಂಪಿನ ವಿಷ. ಅಪರೂಪಕ್ಕೆ ಹಣ್ಣು ತಿನ್ನುವುದು ಬೇರೆ, ದಿನಾ ಎಲೆ ಕುದಿಸಿ ಕುಡಿಯುವುದು ಬೇರೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಸಮಯದ್ದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಉಂಟು. ದೂರಕ್ಕೆ ಹರಡದ ಹಂತದಲ್ಲಿದ್ದ ಕ್ಯಾನ್ಸರಿಗೆ ಆಸ್ಪತ್ರೆ ಚಿಕಿತ್ಸೆ ಬಿಟ್ಟು ಬದಲಿ ಮದ್ದು ಮಾತ್ರ ಮಾಡಿದ 281 ಜನರನ್ನು, ಚಿಕಿತ್ಸೆ ಪಡೆದವರ ಜೊತೆ ಹೋಲಿಸಿದರು. ಬದಲಿ ಮದ್ದಿನವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಹೆಚ್ಚು. ಈ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ಬೆಳೆಯಲೇಬಾರದಾ?

ಬೆಳೆಯಬಹುದು. ಯಾಕೆ ಬೆಳೆಯುತ್ತೇವೆ ಅಂತ ಸ್ಪಷ್ಟ ಇರಬೇಕು.

ಲಕ್ಷ್ಮಣಫಲವನ್ನು ಹಣ್ಣಿಗಾಗಿ ಬೆಳೆಯಿರಿ. ನಮ್ಮ ಹವೆಗೆ ಚೆನ್ನಾಗಿ ಬರುತ್ತದೆ, ಜ್ಯೂಸು, ಐಸ್‌ಕ್ರೀಮಿಗೆ ತಿರುಳು ಒಳ್ಳೆಯದು. ಹಣ್ಣಾದ ಮೇಲೆ ಮೆತ್ತಗಾಗಿ ಒಡೆಯುವುದರಿಂದ ದೂರದ ಮಾರ್ಕೆಟ್ಟಿಗೆ ಆಗುವುದಿಲ್ಲ, ಬಲಿತ ಕೂಡಲೇ ಕೊಯ್ದು ಹತ್ತಿರದಲ್ಲೇ ಮಾರಬೇಕು. ಕೈಯಿಂದ ಪರಾಗ ತಾಗಿಸಿದರೆ ಕಾಯಿ ಜಾಸ್ತಿ ಕಟ್ಟುತ್ತದೆ. ಹಿಟ್ಟು ತಿಗಣೆ ನೋಡಿಕೊಳ್ಳಿ. ಮನೆಗೆ, ಹತ್ತಿರದ ಅಂಗಡಿಗೆ ಅಂತ ಎಂಟು-ಹತ್ತು ಗಿಡ ಸಾಕು.

ನಿತ್ಯಪುಷ್ಪ ನಿಜವಾಗಿಯೂ ಔಷಧ ಕಂಪನಿಗಳಿಗೆ ಹೋಗುವ ಬೆಳೆ. ಲಕ್ನೋದ ಸೀಮ್ಯಾಪ್ ಸಂಸ್ಥೆಯ ನಿರ್ಮಲ್, ಧವಲ್ ತಳಿಗಳಿವೆ, ಸಂಸ್ಥೆಯ ಕೇಂದ್ರ ಬೆಂಗಳೂರಲ್ಲೂ ಉಂಟು. ಆದರೆ ಇದು ಒಣ ಭೂಮಿಯ ಗಿಡ. ವರ್ಷಕ್ಕೆ 4 ಸಾವಿರ ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ನಮ್ಮಲ್ಲಿ ನೀರು ನಿಂತರೆ ಕೊಳೆತು ಹೋಗುತ್ತದೆ. ಬಯಲುಸೀಮೆಯಲ್ಲಿ ಜಾಗ ಇದ್ದವರು ಯೋಚಿಸಬಹುದು. ಅವರೂ ಒಂದು ವಿಷಯ ನೆನಪಿಡಿ: ವಿನ್‌ಬ್ಲಾಸ್ಟಿನ್ ತಯಾರಿಸಲು ಬೇಕಾದ ಎರಡು ಮೂಲ ವಸ್ತುಗಳನ್ನು ಯೀಸ್ಟ್‌ನಲ್ಲೇ ಮಾಡಿಸಬಹುದು ಅಂತ 2022ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಅದು ಕಾರ್ಖಾನೆ ಮಟ್ಟಕ್ಕೆ ಬಂದ ದಿನ ಎಲೆಯ ರೇಟು ಏನಾಗಬಹುದು ಅಂತ ನೀವೇ ಊಹಿಸಿ.

ದುರ್ವಾಸನೆ ಮರವನ್ನು ಕಾಡಿನಿಂದ ಕಡಿದು ತರುವ ಯೋಚನೆ ಬೇಡವೇ ಬೇಡ. ಹಾಗೆ ಕಡಿದೇ ಘಟ್ಟದಲ್ಲಿ ಆ ಮರ ಕಡಿಮೆ ಆದದ್ದು. ಅರಣ್ಯ ಇಲಾಖೆ ಕೇಸು ಬೇರೆ.

ಯಾರಾದರೂ ವಾಪಸ್ ಕೊಳ್ಳುತ್ತೇವೆ ಅಂತ ಬಂದರೆ ಲಿಖಿತ ಕರಾರು ಕೇಳಿ. ಎಲೆಯಲ್ಲಿ ಎಷ್ಟು ಶೇಕಡಾ ಅಂಶ ಇರಬೇಕು, ಅದನ್ನು ಪರೀಕ್ಷೆ ಮಾಡುವುದು ಯಾರು, ಪರೀಕ್ಷೆಯ ಖರ್ಚು ಯಾರದ್ದು, ಅವರಿಂದ ಮುಂದೆ ಕೊಳ್ಳುವ ಕಂಪನಿ ಯಾವುದು, ಹೋದ ವರ್ಷ ಮಾರಿದ ಮೂರು ರೈತರ ನಂಬರು ಕೊಡ್ತೀರಾ ಅಂತ ಕೇಳಿ. ನನಗೆ ಗಿಡ ಕೊಟ್ಟವರಿಗೆ ಇದರಲ್ಲಿ ಒಂದು ಪ್ರಶ್ನೆ ಕೇಳಿದ್ದರೂ ಅವರು ಅವತ್ತೇ ಎದ್ದು ಹೋಗುತ್ತಿದ್ದರು. ಅನುಮಾನ ಇದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಅದಕ್ಕೇನೂ ದುಡ್ಡು ಕೊಡಬೇಕಾಗಿಲ್ಲ.

ಇನ್ನು ಇನ್‌ಸ್ಟಾಗ್ರಾಮಿನಲ್ಲಿ ಪುನರ್ಪುಳಿ ಶರಬತ್ತು, ಅರಶಿನ ಪುಡಿ ಮಾರುವ ತಮ್ಮ ತಂಗಿಯರಿಗೆ. ಲೇಬಲ್ ಮೇಲೆ, ರೀಲ್ಸಿನಲ್ಲಿ "ಕ್ಯಾನ್ಸರ್ ಗುಣಪಡಿಸುತ್ತದೆ" ಅಂತ ಹಾಕಬೇಡಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಕ್ಯಾನ್ಸರ್ ಹೆಸರು ಉಂಟು. ಹಾಗೆ ಜಾಹೀರಾತು ಕೊಡುವುದು ಅಪರಾಧ. ಪುನರ್ಪುಳಿ ತಂಪು, ಬಾಯಿಗೆ ರುಚಿ, ಏಪ್ರಿಲ್-ಮೇ ಸೆಕೆಗೆ ಅದಕ್ಕಿಂತ ಒಳ್ಳೆಯ ಪಾನೀಯ ಇಲ್ಲ. ಮಾರಲಿಕ್ಕೆ ಅಷ್ಟು ಸಾಲದಾ?

ಭಾನುವಾರದ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಎಲೆ ಅವನ ಅಪ್ಪನಿಗೆ. ನಾಲಿಗೆಯಲ್ಲಿ ಹುಣ್ಣು, ಎರಡು ತಿಂಗಳಾದರೂ ಮಾಯುತ್ತಿಲ್ಲ. ಬಯಾಪ್ಸಿ ಮಾಡಿಸಲು ಹೇಳಿದ್ದಾರೆ, ಅಪ್ಪ ಒಪ್ಪುತ್ತಿಲ್ಲ. ನಾನು ಅವನನ್ನು ಜಗಲಿಯಲ್ಲಿ ಕೂರಿಸಿ ಅಕ್ಕನ ಕಥೆ ಪೂರ್ತಿ ಹೇಳಿದೆ. ಸೂಜಿ ಚುಚ್ಚಿ ಹರಡುವ ಅಪಾಯ ತೀರಾ ಕಡಿಮೆ, ಅದು ಮಾಡದೆ ಯಾವ ಮದ್ದು ಅಂತ ನಿರ್ಧರಿಸಲಿಕ್ಕೇ ಆಗುವುದಿಲ್ಲ ಅಂದೆ. ಖರ್ಚಿನ ಹೆದರಿಕೆಯೂ ಇತ್ತು. ಬಿಪಿಎಲ್ ಕಾರ್ಡ್ ಉಂಟಾ ಅಂತ ಕೇಳಿದೆ, ಉಂಟು ಅಂದ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಆಗುತ್ತದೆ, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಬರುತ್ತದೆ, ಕಾರ್ಡ್ ಹಿಡಿದುಕೊಂಡು ಹೋಗಿ ಮೊದಲೇ ವಿಚಾರಿಸು ಅಂದೆ. ಮನೆಯಲ್ಲಿ ಬೇರೆ ಯಾವ ಕಷಾಯ ಕುಡಿಯುತ್ತಿದ್ದರೂ ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ಕೀಮೋ ಜೊತೆ ಕೆಲವು ಹೊಂದುವುದಿಲ್ಲ ಅಂತಲೂ ಹೇಳಿದೆ.

"ಹಾಗಾದ್ರೆ ಎಲೆ ಕೊಡುದಿಲ್ವಾ ಅಣ್ಣ?" ಅಂತ ಕೇಳಿದ. ಇಲ್ಲ ಅಂದೆ. 60ರಲ್ಲಿ ಈಗ ಎಂಟು ಗಿಡ ಮಾತ್ರ ಉಳಿಸಿದ್ದೇನೆ, ಉಳಿದ ಜಾಗದಲ್ಲಿ ಪುನರ್ಪುಳಿಯ ಕಸಿ ಗಿಡ ಹಾಕಿದ್ದೇನೆ. ಹಿಂದಿನ ದಿನ ತೋಟದಿಂದ ತಂದ ಎರಡು ಹಣ್ಣಿತ್ತು, ಚೀಲದಲ್ಲಿ ಹಾಕಿ ಕೊಟ್ಟೆ. ಮುಖ ಸಣ್ಣ ಮಾಡಿಕೊಂಡೇ ಹೋದ.

ಗುರುವಾರ ರಾತ್ರಿ ಮೆಸೇಜ್ ಬಂತು. ಮಂಗಳವಾರಕ್ಕೆ ಡೇಟ್ ಸಿಕ್ಕಿದೆಯಂತೆ. ಅಪ್ಪ ಒಪ್ಪಿದ್ದಾರೆ, ಆದರೆ ಒಬ್ಬನಿಗೇ ಕರೆದುಕೊಂಡು ಹೋಗಲು ಧೈರ್ಯ ಸಾಲುವುದಿಲ್ಲ, ನೀವೂ ಬರ್ತೀರಾ ಅಂತ ಕೇಳಿದ್ದಾನೆ. ಬೆಳಿಗ್ಗೆ ಎಂಟಕ್ಕೆ ಬನ್ನಂಜೆ ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿರ್ತೇನೆ ಅಂತ ಬರೆದೆ.